ಹನ್ನೊಂದನೇ ವಾರ್ಡಿನ ಸಸಿಮಡಿ

ನಮ್ಮೂರಲ್ಲಿ ಹೆಂಗಸು ಚುನಾವಣೆ ಗೆದ್ದರೆ ಹಾರ ಗಂಡನ ಕೊರಳಿಗೆ ಬೀಳುತ್ತದೆ. ಇದು ಯಾವ ಕಾಯ್ದೆಯಲ್ಲೂ ಇಲ್ಲ, ಆದರೆ ಕಾಯ್ದೆಗಿಂತ ಕಟ್ಟುನಿಟ್ಟಾಗಿ ನಡೆದುಕೊಂಡು ಬಂದಿದೆ. ಗಂಗನಹೊಂಡ ಪುರಸಭೆಯ ಹನ್ನೊಂದನೇ ವಾರ್ಡಿನಿಂದ ನನ್ನ ಹೆಂಡತಿ ಕಸ್ತೂರಿ ಗೆದ್ದ ದಿನ ನನ್ನ ಕೊರಳಿಗೂ ಒಂದು ಬಿತ್ತು. ಅವಳು ಗುಲಾಲು ಮೆತ್ತಿದ ಕೈಯಿಂದ ಅದನ್ನು ಎಳೆದು ತಾನೇ ಹಾಕಿಕೊಂಡು, "ಓಟ್ ಕೇಳಿ ಕಾಲು ಬಾತಿದ್ದು ನಂದು, ಹಾರ ಇವಂಗ್ಯಾಕ?" ಎಂದಳು. ಜನ ನಕ್ಕರು. ನಾನೂ ನಕ್ಕೆ. ಅವಳ ಬಗ್ಗೆ ನನಗೆ ಹೆಮ್ಮೆಯೆನಿಸಿತ್ತು.

ನನ್ನ ಹೆಸರು ಗ್ಯಾನಪ್ಪ. ಪುರಸಭೆಯ ನೀರಿನ ನಿಯಂತ್ರಣ ಕೋಣೆಯಲ್ಲಿ ಆಪರೇಟರ್. ದೊಡ್ಡಕೆರೆಯಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಬೀದಿ ನಲ್ಲಿಗೆ ನೀರು ಎಲ್ಲಿ ಹೋಗುತ್ತಿದೆ, ಎಲ್ಲಿ ಸೋರುತ್ತಿದೆ ಎಂದು ಪರದೆ ನೋಡಿ ಹೇಳುವುದು ನನ್ನ ಕೆಲಸ. ಆ ಚುನಾವಣೆಯೂ ನೀರಿನದೇ ಆಗಿತ್ತು. ಒರತೆ ಎಂಬ ಜಲಸೇವಾ ಕಂಪನಿ ನಮ್ಮ ದೊಡ್ಡಕೆರೆಯನ್ನೂ ಕೊಳವೆ ಜಾಲವನ್ನೂ ಮೂವತ್ತು ವರ್ಷಕ್ಕೆ ಗುತ್ತಿಗೆ ಕೇಳಿತ್ತು. ಕೊಟ್ಟರೆ ಬೀದಿ ನಲ್ಲಿಗಳು ಮುಚ್ಚಿ, ಮನೆಮನೆಗೆ ಮೀಟರು ಬರುತ್ತದೆ. ಹನ್ನೊಂದನೇ ವಾರ್ಡಿನಲ್ಲಿ ಅರ್ಧಕ್ಕರ್ಧ ಮನೆಗಳು ಬದುಕಿರುವುದು ಬೀದಿ ನಲ್ಲಿಯ ಮೇಲೆ. ಸದಸ್ಯರಲ್ಲಿ ಅರ್ಧ ಜನ ಹೂಂ ಎನ್ನುತ್ತಿದ್ದರು, ಅರ್ಧ ಜನ ಉಹೂಂ. ಕಸ್ತೂರಿ ಒಬ್ಬಳೇ ಇನ್ನೂ ಏನೂ ಹೇಳಿರಲಿಲ್ಲ. "ಓದಿ ನೋಡ್ತೀನಿ" ಎನ್ನುತ್ತಿದ್ದಳು.

ಒರತೆ ಯಾರಿಗಾದರೂ ದುಡ್ಡು ಕೊಟ್ಟಿತ್ತೇ ಎಂದು ನೀವು ಕೇಳಬಹುದು. ಕೊಟ್ಟಿರಲಿಲ್ಲ. ಈಗ ನೋಟು ಎಲ್ಲಿವೆ? ಎಲ್ಲ ಡಿಜಿಟಲ್ ಹಣ. ಪ್ರತಿ ರೂಪಾಯಿಗೂ ತಾನು ಹಾದುಬಂದ ದಾರಿಯ ನೆನಪಿರುತ್ತದೆ. ಚುನಾವಣೆಯವರು ಅಭ್ಯರ್ಥಿಯ ಖಾತೆ ಮುಟ್ಟಿದರೆ ಸಾಕು, ಅವನು ಕುಡಿಸಿದ ಚಹಾದ ಹಣ ಯಾರ ಮನೆಯಿಂದ ಹೊರಟಿತ್ತು ಎಂದು ಅದೇ ಬಾಯಿಬಿಡುತ್ತದೆ. ಈ ಸಲ ಎಲ್ಲರ ಖಾತೆಯೂ ತೊಳೆದಿಟ್ಟ ತಟ್ಟೆಯಂತಿತ್ತು. ಅಷ್ಟು ಶುದ್ಧ ಚುನಾವಣೆ ನಮ್ಮೂರಲ್ಲಿ ನಡೆದದ್ದೇ ಇಲ್ಲ ಎಂದು ಹಿರಿಯರು ಬೇಜಾರು ಮಾಡಿಕೊಂಡಿದ್ದರು.

ಗುತ್ತಿಗೆ ಮತಕ್ಕೆ ಬರುವ ಹಿಂದಿನ ದಿನ ಒರತೆಯವರು ನನ್ನನ್ನು ತರಬೇತಿಗೆಂದು ಕರೆಸಿದರು. ಬೈಪಾಸಿನ ಪಕ್ಕ ಅವರದೊಂದು ಗಾಜಿನ ಕಟ್ಟಡವಿದೆ. ಒಳಗೆ ಭಾರೀ ತಂಪು. ನಿರುಪಮಾ ಎಂಬ ಎಂಜಿನಿಯರು ನನಗೆ ಬಾದಾಮಿ ಹಾಲು ಕೊಟ್ಟು, ಒಂದು ಕತ್ತಲ ಕೋಣೆಗೆ ಕರೆದುಕೊಂಡು ಹೋದರು. ಅವರು ಬೆಂಗಳೂರು ಕಡೆಯವರು, ಮೆಲುದನಿಯಲ್ಲಿ ಮಾತಾಡುವವರು.

ಗೋಡೆಯ ತುಂಬ ನಮ್ಮೂರಿನ ನಕ್ಷೆಯಿತ್ತು. ಓಣಿ ಓಣಿಯಲ್ಲೂ ಹಳದಿ ಚುಕ್ಕೆಗಳು. ನನ್ನ ಕೋಣೆಯ ಪರದೆಯ ಮೇಲೂ ಹಾಗೆಯೇ ಇರುತ್ತವೆ, ಅಲ್ಲಿ ಒಂದು ಚುಕ್ಕೆ ಎಂದರೆ ಒಂದು ನಲ್ಲಿ. ನಾನು ರೂಢಿಯಿಂದ ನಮ್ಮ ಓಣಿಯ ನಲ್ಲಿ ಎಲ್ಲಿದೆ ಎಂದು ಹುಡುಕಿದೆ. ಆಗ ಒಂದು ಚುಕ್ಕೆ ಸಂತೆ ಬಯಲಿನಿಂದ ಹೊರಟು, ಮಸೀದಿ ಬಳಿ ಸ್ವಲ್ಪ ನಿಂತು, ನಮ್ಮ ಓಣಿಯ ಕಡೆ ತಿರುಗಿತು. ನಲ್ಲಿಗಳು ನಡೆದಾಡುವುದಿಲ್ಲ.

"ಇವು ಏನ್ರೀ ಮೇಡಂ?"

"ಸದಸ್ಯರು. ಆಗಿರೋರು, ಆಗಬಹುದಾದೋರು, ಮುಂದೆ ಆಗೋರು" ಎಂದರು ನಿರುಪಮಾ. "ಅಲ್ಲಿ ಬರ್ತಿರೋದು ನಿಮ್ಮ ಮನೆಯವರು. ಬದನೆಕಾಯಿ ತಗೊಂಡಿದ್ದಾರೆ."

ಆ ಯಂತ್ರದ ಹೆಸರು ಮುನ್ನೋಟ. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಯಾವ ವಾರ್ಡು ಯಾವ ವರ್ಷ ಹೆಂಗಸರಿಗೆ, ಯಾವ ವರ್ಗಕ್ಕೆ ಮೀಸಲು ಎಂಬುದು ಒಂದು ಸರದಿ. ಸರದಿ ಎಂದಮೇಲೆ ಎಷ್ಟೋ ವರ್ಷ ಮುಂದಿನದನ್ನೂ ಅಂದಾಜು ಮಾಡಬಹುದು. ಮುನ್ನೋಟ ಅದನ್ನು ಮಾಡುತ್ತದೆ. ಆಮೇಲೆ ಆ ವಾರ್ಡಿನ ಮಕ್ಕಳನ್ನು ನೋಡುತ್ತದೆ. ಶಾಲೆಯ ಹಾಜರಿ, ಆಸ್ಪತ್ರೆಯ ಚೀಟಿ, ಮನೆಯವರ ಫೋನು, ಎಲ್ಲವನ್ನೂ ಜಾಲಾಡಿ, ನಲ್ಲಿಯ ಬಳಿ ಜಗಳವಾದರೆ ಉಳಿದ ಮಕ್ಕಳು ಯಾರ ಮುಖ ನೋಡುತ್ತಾರೆ ಎಂದು ಹುಡುಕುತ್ತದೆ. ಅಂಥ ಒಂದಷ್ಟು ಮಕ್ಕಳನ್ನು ಆರಿಸಿಕೊಳ್ಳುತ್ತದೆ.

"ಭತ್ತದ ಸಸಿಮಡಿ ನೋಡಿದ್ದೀರಲ್ಲ? ಹಾಗೇ ಇದು. ಎಲ್ಲಕ್ಕೂ ನೀರು ಬಿಡ್ತೀವಿ. ಯಾವುದು ಏಳುತ್ತೋ ಏಳಲಿ" ಎಂದರು. "ಜಾಸ್ತಿ ಏನೂ ಕೊಡಲ್ಲ. ಚಿಕ್ಕದು, ಆದರೆ ಅದಿಲ್ಲದಿದ್ದರೆ ಬದುಕು ಬೇರೆ ಕಡೆ ಹೊರಳಿಬಿಡುತ್ತಲ್ಲ, ಆ ಹೊತ್ತಿಗೆ ಸರಿಯಾಗಿ ಕೊಡ್ತೀವಿ. ಕಸ್ತೂರಿಯವರಿಗೆ ಒಂದನೇ ಕ್ಲಾಸಿನಲ್ಲಿ ಬೋರ್ಡು ಕಾಣ್ತಿರಲಿಲ್ಲ. ಶಾಲೆ ಬಿಡಿಸೋ ಮಾತಾಗಿತ್ತು. ಕಣ್ಣಿನ ಶಿಬಿರ ಬಂತು, ಕನ್ನಡಕ ಸಿಕ್ಕಿತು."

ಆ ಕನ್ನಡಕದ ಕಥೆ ನನಗೆ ಗೊತ್ತಿತ್ತು. ಕಸ್ತೂರಿ ಅದನ್ನು ನೂರು ಸಲ ಹೇಳಿದ್ದಾಳೆ. ಮೊದಲ ಸಲ ಬೇವಿನ ಮರಕ್ಕೆ ಬಿಡಿಬಿಡಿ ಎಲೆಗಳಿವೆ ಎಂದು ನೋಡಿದ ದಿನ ಅದು.

ಮುಂದಿನದನ್ನೂ ಅವರೇ ಹೇಳಿದರು. ತಾಲೂಕಿನ ಹಾಸ್ಟೆಲಿನಲ್ಲಿ ಇಲ್ಲವೆಂದಿದ್ದ ಸೀಟು. ಅವಳ ತಾಯಿ ಯಂಕವ್ವನ ಹೊಟ್ಟೆಯ ಗಡ್ಡೆಗೆ ಧರ್ಮಾರ್ಥ ಆಪರೇಷನ್ನು. ಹೊಲಿಗೆ ತರಬೇತಿ, ಅದರಿಂದ ಸ್ತ್ರೀಶಕ್ತಿ ಸಂಘದ ಮುಂದಾಳ್ತನ. ಒಂದಕ್ಕೂ ಒರತೆಯ ಹೆಸರಿರಲಿಲ್ಲ.

"ಮತ್ತೆ ನೀವು" ಎಂದರು ನಿರುಪಮಾ.

"ನಾ ಅಂದ್ರ?"

"ನಿಮ್ಮ ಕೆಲಸ ಗದಗಿನಲ್ಲಿ ಆಗೋದಿತ್ತು. ಇಲ್ಲಿಗೆ ಬಂತು. ಹೆಂಡತಿ ಹೊರಗೆ ಓಡಾಡಿದರೆ ಅಡ್ಡ ಬರದ ಗಂಡ ಬೇಕಿತ್ತು ನೋಡಿ. ಅಂಥವರು ಸಿಗೋದು ಕಷ್ಟ. ನಿಮ್ಮನ್ನ ಹುಡುಕೋಕೆ ಮುನ್ನೋಟ ತುಂಬ ಒದ್ದಾಡ್ತು."

ಅದನ್ನು ಅವರು ಹೊಗಳಿಕೆಯಾಗಿಯೇ ಹೇಳಿದರು. ಕಸ್ತೂರಿಯ ಚುಕ್ಕೆಗೆ ಮಂಕಾದ ಇನ್ನೊಂದು ಚುಕ್ಕೆಯನ್ನು ಜೋಡಿಸಿದ್ದರು. ಆ ಮಂಕು ಚುಕ್ಕೆ ಬೈಪಾಸಿನ ಪಕ್ಕದ ಗಾಜಿನ ಕಟ್ಟಡದಲ್ಲಿ ನಿಂತಿದ್ದರೂ ಅದರಿಂದ ಒಂದು ತೆಳುಗೆರೆ ನಮ್ಮ ಓಣಿಯವರೆಗೆ ಎಳೆದಿತ್ತು. ಆ ಚುಕ್ಕೆ ನಾನು. ಸೋತ ಅಭ್ಯರ್ಥಿ ಶಾಂತಾಬಾಯಿಯೂ ಅದೇ ಮಡಿಯಲ್ಲಿದ್ದಳು. ಯಾರು ಗೆದ್ದಿದ್ದರೂ ಇಂದು ಯಾರೋ ಒಬ್ಬ ಗಂಡ ಇಲ್ಲಿ ಬಾದಾಮಿ ಹಾಲು ಕುಡಿಯುತ್ತಿದ್ದ.

"ಇದು ಲಂಚ ಅಲ್ಲೇನ್ರಿ?" ಎಂದೆ.

"ಕಾಯ್ದೆ ಲೆಕ್ಕ ಹಾಕೋದು ನಾಮಪತ್ರ ಹಾಕಿದ ದಿನದಿಂದ. ಆರು ವರ್ಷದ ಹುಡುಗಿಗೆ ಕನ್ನಡಕ ಕೊಟ್ಟರೆ ಅದು ಚುನಾವಣಾ ದೇಣಿಗೆ ಹೇಗಾಗುತ್ತೆ? ನಾವು ಯಾವತ್ತೂ ಏನೂ ಕೇಳಿಲ್ಲ. ಈಗಲೂ ಕೇಳ್ತಿಲ್ಲ."

"ಹಂಗಾರ ನನಗ್ಯಾಕ ತೋರಿಸಿದ್ರಿ?"

"ಕಸ್ತೂರಿಯವರು ಯಾರ ಋಣಾನೂ ಇಟ್ಟುಕೊಂಡವರಲ್ಲ. ಅವರ ಮದುವೆಗೆ ಬಂದ ಪ್ರತಿ ಉಡುಗೊರೆಗೂ ಸ್ವಲ್ಪ ಸೇರಿಸಿ ವಾಪಸು ಮುಟ್ಟಿಸಿದ್ದಾರೆ, ಒಂದನ್ನೂ ಮರೆತಿಲ್ಲ. ಮುನ್ನೋಟ ಇದನ್ನ ಗಮನಿಸಿದೆ. ಅವರಿಗೆ ಗೊತ್ತಾದರೆ ಸಾಕು. ನೀವು ಇವತ್ತೇ ಹೇಳ್ತೀರಿ. ಊಟದ ಮಧ್ಯೆ. ಅವರು ತಟ್ಟೆಯಲ್ಲೇ ಕೈ ತೊಳೀತಾರೆ."

ಹೇಳಲೇಬಾರದು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡೆ. ಯಂತ್ರ ಹೇಳಿತೆಂದು ಕುಣಿಯಲು ನಾನೇನು ಕೋಲೆಬಸವನೇ? ಮನೆಗೆ ಬಂದು ಮಗಳು ಪಾರಿಯ ಜೊತೆ ಆಡಿದೆ. ಯಂಕವ್ವ ರೊಟ್ಟಿ ಬಡಿದಳು. ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರು. ಎರಡನೇ ರೊಟ್ಟಿ ಮುರಿಯುವಾಗ ಕಸ್ತೂರಿ, "ಯಾಕ, ಮಾರಿ ಹುಳ್ಳಗ ಆಗೇತಿ? ಏನಾತು?" ಎಂದಳು. ಅವಳು ಹಾಗೆ ಕೇಳಿದರೆ ಮುಚ್ಚಿಡುವುದು ನನಗೆ ಬರುವುದಿಲ್ಲ. ಎಲ್ಲ ಹೇಳಿಬಿಟ್ಟೆ.

ಅವಳು ಮೊದಲು ನಕ್ಕಳು. ಕನ್ನಡಕದ ಮಾತು ಬಂದಾಗ ನಗು ನಿಂತಿತು. ನಾನು ಮುಗಿಸುವ ಹೊತ್ತಿಗೆ ಚೆಂಬು ಎತ್ತಿ, ಅರ್ಧ ರೊಟ್ಟಿಯಿದ್ದ ತಟ್ಟೆಯಲ್ಲೇ ಕೈ ತೊಳೆದಳು. ನಾನು ಆ ನೀರನ್ನೇ ನೋಡುತ್ತ ಕುಳಿತೆ. ನನಗೆ ಬಹಳ ಭಯವಾಯಿತು.

"ನನ್ನ ನೋಡಾಕ ಬಂದಿದ್ದಿ ನೋಡು" ಎಂದಳು ಕಸ್ತೂರಿ. "ಬಂದ ಗಂಡುಗಳೆಲ್ಲ ಅಡಗಿ ಬರ್ತದೇನು ಅಂದ್ರು. ನೀ ಒಬ್ಬವ 'ಓದಾಕ ಏನ್ ಇಷ್ಟ' ಅಂದಿ. ಆ ಮಾತಿಗೇ ನಾ ನಿನ್ನ ಒಪ್ಪಿದ್ದು. ಅದು ನಿನ್ನ ಮಾತೋ, ಅವರು ಹೇಳಿ ಕಳಿಸಿದ್ದೋ?"

"ನಂದ" ಎಂದೆ.

ಹೇಳಿದ ಮೇಲೆ ನೆನಪಾಯಿತು. ಹೆಣ್ಣು ನೋಡಲು ಹೋಗುವ ದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಒಬ್ಬ ಗುರುತಿಲ್ಲದ ಹಿರಿಯ, ಓದಿದ ಹುಡುಗಿಗೆ ಓದಿನ ಬಗ್ಗೆ ಕೇಳಬೇಕಪ್ಪಾ ಎಂದು ಯಾವುದೋ ಮಾತಿಗೆ ಹೇಳಿದ್ದ. ಅವನಿಗೆ ನಾನು ಎಲ್ಲಿಗೆ ಹೊರಟಿದ್ದೇನೆ ಎಂದು ಹೇಳಿದ್ದೆನೋ ಇಲ್ಲವೋ, ಈಗ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕಸ್ತೂರಿ ನನ್ನ ಮುಖ ನೋಡುತ್ತಿದ್ದಳು. ನನಗೇ ಖಾತ್ರಿಯಿಲ್ಲ ಎಂದು ಅವಳಿಗೆ ತಿಳಿದುಹೋಯಿತು.

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದಳು. "ನನ್ನ ಹೊಟ್ಟಿ ಕೊಯ್ದು ಉಳಿಸಿದ್ದೂ ಅವರ?"

ನಾನು ಹೂಂ ಎಂದೆ. ಆ ಆಪರೇಷನ್ನು ಹುಲಿಗೆಮ್ಮನ ದಯೆ ಎಂದು ಯಂಕವ್ವ ವರ್ಷವರ್ಷವೂ ಹುಣ್ಣಿಮೆಗೆ ಹೋಗಿ ಹರಕೆ ಒಪ್ಪಿಸಿ ಬರುತ್ತಾಳೆ. ಅವಳು ಗೋಡೆಯ ಮೇಲಿನ ದೇವಿಯ ಪಟವನ್ನು ನೋಡಿದಳು. "ಹಂಗಾರ ಇಷ್ಟ ವರ್ಷ ನಾ ಯಾರಿಗೆ ಕೈ ಮುಗದೆ?" ಎಂದು ಕೇಳಿದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅವಳೇ, "ಕೇಳಿದ್ದು ಕೊಟ್ಟುಬಿಡು ಮಗಳ. ಉಂಡ ಮನಿ ಜಂತಿ ಎಣಸಬಾರ್ದು" ಎಂದಳು.

"ಉಂಡದ್ದು ಯಾರ ಮನ್ಯಾಗ ಅಂತ ನಮಗ ಹೇಳಿದ್ರೇನವ್ವ?" ಎಂದಳು ಕಸ್ತೂರಿ. "ಆಯೇರಿ ಯಾಕ ಕೂಗತಾರ ಹೇಳು."

ನಮ್ಮ ಸೀಮೆಯಲ್ಲಿ ಮದುವೆಗೆ ತಂದ ಉಡುಗೊರೆಯನ್ನು ಸುಮ್ಮನೆ ಕೈಗೆ ತುರುಕಿ ಹೋಗುವ ಹಾಗಿಲ್ಲ. ಒಬ್ಬ ದನಿಯುಳ್ಳವನು ಮೈಕು ಹಿಡಿದು ನಿಲ್ಲುತ್ತಾನೆ. ಇಂಥ ಊರಿನ ಇಂಥವರಿಂದ ಮದುಮಗಳಿಗೆ ಒಂದು ಸೀರೆ, ಒಂದು ಕುಪ್ಪಸ ಎಂದು ಮಂದಿಯೆಲ್ಲ ಕೇಳುವಂತೆ ಕೂಗುತ್ತಾನೆ. ಇದೇ ಆಯೇರಿ. ನಾಳೆ ಅವರ ಮನೆ ಕಾರ್ಯಕ್ಕೆ ಒಂದು ತೂಕ ಹೆಚ್ಚಿಗೆಯೇ ತಿರುಗಿ ಮಾಡಬೇಕು. ಅದು ಮುಯ್ಯಿ.

"ಕೂಗದ ಆಯೇರಿಗೆ ಮುಯ್ಯಿ ಇಲ್ಲ" ಎಂದಳು ಕಸ್ತೂರಿ. "ಹೆಸರು ಹೇಳದ ಕೊಟ್ಟವರು ಕೊಟ್ಟಿಲ್ಲ, ಬಿತ್ಯಾರ." ಎದ್ದು ಹೋಗಿ ಪಾರಿಯ ಪಕ್ಕ ಮಲಗಿದಳು. ಅವಳಿಗೆ ಹೊದಿಕೆ ಹೊದಿಸಲೋ ಬೇಡವೋ ಎಂದು ನನಗೆ ಗೊತ್ತಾಗಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ನಾನು ಹಾಗೆ ಹಿಂದೆಮುಂದೆ ನೋಡಿದೆ.

ಮರುದಿನ ಪುರಸಭೆಯ ಸಭಾಂಗಣದಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಕೈ ಎತ್ತಿಸಿದರು, ಎರಡೂ ಕಡೆ ಸರಿಸಮ. ಅಧ್ಯಕ್ಷರು, "ಹನ್ನೊಂದನೇ ವಾರ್ಡಿನವರು ಏನಂತೀರವ್ವ?" ಎಂದರು. ಕಸ್ತೂರಿ ಎದ್ದು ಅವರ ಮುಂದಿನ ಮೈಕು ಕಿತ್ತು ಕೈಗೆ ತೆಗೆದುಕೊಂಡಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಮದುವೆ ಮಂಟಪದ ಅದೇ ರಾಗದಲ್ಲಿ ಕೂಗಿದಳು.

"ಒರತೆ ಕಂಪನಿಯವರಿಂದ ಬಾಳಪ್ಪನ ಮಗಳು ಕಸ್ತೂರಿಗೆ, ಒಂದನೇ ಇಯತ್ತೆಗೆ, ಕನ್ನಡಕ ಒಂದು!"

ಕೆಲವರು ನಕ್ಕರು. ಇದೇನೋ ತಮಾಷೆ ಎಂದುಕೊಂಡರು.

"ಒರತೆ ಕಂಪನಿಯವರಿಂದ ಹಾಸ್ಟೆಲ್ ಸೀಟು ಒಂದು! ಒರತೆ ಕಂಪನಿಯವರಿಂದ ನಮ್ಮವ್ವಗ ಆಪರೇಷನ್ ಒಂದು! ಒರತೆ ಕಂಪನಿಯವರಿಂದ" ಎಂದು ಅವಳು ಉಸಿರು ತೆಗೆದುಕೊಂಡಳು. "ಗಂಡ ಒಬ್ಬ! ಹೆಸರು ಗ್ಯಾನಪ್ಪ!"

ಸಭೆ ಗೊಳ್ಳೆಂದಿತು. ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಭೂಮಿ ಬಾಯ್ಬಿಟ್ಟರೆ ಒಳಗಿಳಿಯುತ್ತಿದ್ದೆ. ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ಗುತ್ತಿಗೆಗೆ ಕೈ ಎತ್ತಿದ್ದ ನಾಲ್ಕನೇ ವಾರ್ಡಿನ ಮೌಲಾಸಾಬರು ಮೆಲ್ಲಗೆ ಎದ್ದು ನಿಂತು, ತಮ್ಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನೋಡುತ್ತ, "ನನಗೂ ಸಾಲ್ಯಾಗ ಇಂಥದ್ದೊಂದು ಶಿಬಿರ ಬಂದಿತ್ತು" ಎಂದರು. ಯಾರೋ ಒಬ್ಬಳು, "ನಮ್ಮಪ್ಪ ಜೈಲಿಗೆ ಹೋಗೂದು ತಪ್ಪಿಸಿದ ವಕೀಲ ಫೀಜೇ ತಗೊಳ್ಳಲಿಲ್ಲ" ಎಂದಳು. ಇನ್ನೊಬ್ಬ ಹೆಂಡತಿಯ ಬಾಣಂತನದ ರಕ್ತದ ಬಾಟಲಿಯ ಮಾತೆತ್ತಿದ. ಒಬ್ಬೊಬ್ಬರೇ ತಮ್ಮ ಬದುಕಿನ ಒಂದೊಂದು ಒಳ್ಳೆಯ ಗಳಿಗೆಯನ್ನು ಹೊರತೆಗೆದು ತಿರುಗಿಸಿ ನೋಡತೊಡಗಿದರು. ಹಾಗೆ ನೋಡುವಾಗ ಅವರ ಮುಖಗಳು ಬಿಳಿಚಿಕೊಂಡಿದ್ದವು. ಗುತ್ತಿಗೆ ಬೇಡವೆಂದಿದ್ದವರಲ್ಲೂ ಹಾಗೆ ಎದ್ದು ನಿಂತವರಿದ್ದರು.

"ಮುಯ್ಯಿ ಇಲ್ಲ. ಕೆರಿ ಕೊಡಂಗಿಲ್ಲ" ಎಂದು ಕಸ್ತೂರಿ ಮೈಕು ಕೆಳಗಿಟ್ಟಳು. ಮತ್ತೆ ಕೈ ಎತ್ತಿಸಿದಾಗ ಗುತ್ತಿಗೆಯ ಪರವಾಗಿ ಒಂದು ಕೈಯೂ ಮೇಲೆ ಬರಲಿಲ್ಲ.

ಊರು ಅವಳನ್ನು ಮೆರವಣಿಗೆ ಮಾಡಬೇಕಿತ್ತು. ಮಾಡಲಿಲ್ಲ. ಮೆರವಣಿಗೆಗೆ ಬಂಡಿ ಕೊಡುವವರು ಯಾರು, ಹೂವು ಯಾರದು ಎಂಬ ಪ್ರಶ್ನೆ ಬಂತು. ಆಮೇಲೆ ಆ ಪ್ರಶ್ನೆ ಎಲ್ಲ ಕಡೆ ಹಬ್ಬಿತು. ಗಂಗನಹೊಂಡದಲ್ಲಿ ಈಗ ಯಾರೂ ಸುಮ್ಮನೆ ಏನನ್ನೂ ತೆಗೆದುಕೊಳ್ಳುವುದಿಲ್ಲ. ಹೋಟೆಲಿನಲ್ಲಿ ಗೆಳೆಯ ಚಹಾ ಕೊಡಿಸಿದರೆ, ಇಂಥವನಿಂದ ಚಹಾ ಒಂದು ಎಂದು ಕೂಗಿಯೇ ಕುಡಿಯುತ್ತಾರೆ. ನೆರೆಮನೆಯಿಂದ ಬಂದ ಪಾಯಸದ ಬಟ್ಟಲು ಮುಚ್ಚಳ ತೆರೆಯದೆ ಹಿಂದಕ್ಕೆ ಹೋಗುತ್ತದೆ. ಸಂತೆಯಲ್ಲಿ ಒಬ್ಬ ಮುದುಕ ಕುಸಿದುಬಿದ್ದ ದಿನ ಸುತ್ತ ನಿಂತವರು ಮೊದಲು ತಮ್ಮತಮ್ಮ ಹೆಸರು ಹೇಳಿ, ಆಮೇಲೆ ಅವನನ್ನು ಎತ್ತಿದರು. ನಮ್ಮ ಅತ್ತೆ ಹುಣ್ಣಿಮೆಗೆ ಹೋಗುವುದನ್ನು ಬಿಟ್ಟಳು. ಊರು ಬಹಳ ಪ್ರಾಮಾಣಿಕವಾಗಿದೆ, ಮತ್ತು ಸಂಜೆಯಾದರೆ ನನಗೆ ಅಲ್ಲಿ ಇರಲು ಹೆದರಿಕೆಯಾಗುತ್ತದೆ.

ಬೀದಿ ನಲ್ಲಿಗಳಲ್ಲಿ ನೀರು ಬರುತ್ತಿದೆ. ನಾನು ಎಂದಿನಂತೆ ಪರದೆ ನೋಡುತ್ತೇನೆ. ಕಸ್ತೂರಿ ನನ್ನನ್ನು ಬಿಟ್ಟಿಲ್ಲ, ಬಯ್ದೂ ಇಲ್ಲ. ಚಹಾ ಮಾಡಿಕೊಟ್ಟರೆ, "ಇದು ನೀ ಮಾಡಬೇಕಂತ ಮಾಡಿದ್ದೋ?" ಎಂದು ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ ಕುಡಿಯುತ್ತಾಳೆ. ನಾನು ಹೌದು ಎನ್ನುತ್ತೇನೆ. ನನಗೆ ಅವಳ ಮೇಲೆ ಪ್ರೀತಿಯಿದೆ. ಅದು ನನ್ನದೇ ಪ್ರೀತಿ ಎಂದು ತೋರಿಸುವುದು ಹೇಗೆಂದು ಮಾತ್ರ ತಿಳಿಯುವುದಿಲ್ಲ.

ಒರತೆಯವರು ಊರು ಬಿಟ್ಟು ಹೋಗುತ್ತಾರೆ ಎಂದುಕೊಂಡಿದ್ದೆವು. ಹೋಗಲಿಲ್ಲ. ಕೋರ್ಟಿಗೂ ಹೋಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಮೊನ್ನೆ ತರಕಾರಿ ಸಾಲಿನಲ್ಲಿ ನಿರುಪಮಾ ಸಿಕ್ಕಿದರು. "ಚೆನ್ನಾಗಿದ್ದೀರಾ? ನಿಮ್ಮಿಂದ ನಮಗೆ ಒಂದು ಒಳ್ಳೆಯ ಪಾಠ ಆಯ್ತು. ಮುನ್ನೋಟಕ್ಕೆ ಮುಯ್ಯಿ ಗೊತ್ತಿತ್ತು, ಆಯೇರಿ ಕೂಗೋದು ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ" ಎಂದು ನಕ್ಕರು. ಆ ನಗುವಿನಲ್ಲಿ ಕೆಡುಕು ಕಾಣಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ನನ್ನ ಮಗಳು ಪಾರಿ ಆ ಗ್ವಾಡಿ ಮ್ಯಾಲೆ ಅದಾಳೇನ್ರಿ?" ಎಂದು ಕೇಳಿದೆ.

"ಮಕ್ಕಳ ವಿವರ ಪೋಷಕರಿಗೆ ಹೇಳೋ ಹಾಗಿಲ್ಲ, ಗ್ಯಾನಪ್ಪನವರೇ. ನಿಯಮ" ಎಂದರು. ಅರ್ಧ ಕಿಲೋ ಬೆಂಡೆಕಾಯಿ ತೂಗಿಸಿಕೊಂಡು ಹೊರಟುಹೋದರು.

ಅಂದು ಸಂಜೆ ಕಸ್ತೂರಿಗೆ ಅದನ್ನು ಹೇಳಿದೆ. ಅವಳು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು, ಕಾಲು ಆಡಿಸುವುದನ್ನು ನಿಲ್ಲಿಸಿದಳು. ಪಾರಿ ನೆಲದ ಮೇಲೆ ಬಟ್ಟೆಯ ಚೂರುಗಳನ್ನು ಹರಡಿಕೊಂಡು ಬೊಂಬೆಯ ಮದುವೆ ಮಾಡುತ್ತಿದ್ದಳು. ಊರಿನ ಮಕ್ಕಳೆಲ್ಲ ಈಗ ಆಡುವುದು ಇದೊಂದೇ ಆಟ. ಅವಳು ಲಟ್ಟಣಿಗೆಯನ್ನು ಮೈಕಿನಂತೆ ಹಿಡಿದು, ಒಂದೊಂದು ಚೂರಿಗೂ ಕೊಟ್ಟವರ ಹೆಸರು ಕೂಗುತ್ತಿದ್ದಳು. ಇದ್ದಕ್ಕಿದ್ದಂತೆ ನಿಲ್ಲಿಸಿ ತಾಯಿಯನ್ನು ಕೇಳಿದಳು.

"ಯವ್ವಾ, ಅಪ್ಪನ್ನ ನಮಗ ಯಾರು ಕೊಟ್ರು?"

ಕಸ್ತೂರಿ ನನ್ನ ಕಡೆ ನೋಡಲಿಲ್ಲ. ನಮ್ಮ ಮನೆಯಲ್ಲಿ ಈಗ ಸುಳ್ಳು ಹೇಳುವುದಿಲ್ಲ. "ಒರತೆ ಕಂಪನಿಯವರು" ಎಂದಳು.

ಪಾರಿಗೆ ಅದು ಸರಿ ಅನಿಸಿತು. ಲಟ್ಟಣಿಗೆ ಬಾಯಿಗೆ ಹಿಡಿದು, ಒರತೆ ಕಂಪನಿಯವರಿಂದ ಅಪ್ಪ ಒಬ್ಬ ಎಂದು ಊರೆಲ್ಲ ಕೇಳುವ ಹಾಗೆ ಕೂಗಿದಳು. ಆಮೇಲೆ ಬೊಂಬೆಯ ಸೆರಗು ಸರಿಮಾಡುತ್ತ ಕೇಳಿದಳು, "ಮತ್ತ ನಾವು ಅವರಿಗೆ ಮುಯ್ಯಿ ಏನ್ ಕೊಟ್ವಿ?"

"ಇನ್ನೂ ಏನೂ ಕೊಟ್ಟಿಲ್ಲ" ಎಂದಳು ಕಸ್ತೂರಿ. ಮುಯ್ಯಿ ಇಲ್ಲದ್ದು ಕೂಗದ ಆಯೇರಿಗೆ ಮಾತ್ರ, ಇದನ್ನು ಊರೆದುರು ಕೂಗಿದವಳು ಅವಳೇ. ನಾನು ಎದ್ದು ಬಾಗಿಲು ಹಾಕಿ ಬಂದು ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡೆ.